ಯಜಮಾನರು ಊರಿಗೆ ಹೋಗಿದ್ದಾರೆ

ಸುಮ್ಮನೆ ಕೂರುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ನಾಲ್ಕರಲ್ಲಿ ಯಾವ ಮಾಸ್ತರರೂ ಅದನ್ನು ಕಲಿಸಲಿಲ್ಲ. ವಯಸ್ಸಾದ ಮೇಲೆ ಮನಸ್ಸು ತಣ್ಣಗಾಗುತ್ತದೆ, ಒಂದು ಮೂಲೆಯಲ್ಲಿ ಕೂತು ಜಪ ಮಾಡೋಣ ಅನ್ನಿಸುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಅವರಿಗೆ ಮಂಡಿನೋವು ಇರಬೇಕು, ಅಷ್ಟೆ. ನನಗೂ ಮಂಡಿನೋವಿದೆ. ಆದರೂ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಕಾಲು ಎಲ್ಲಿಗೋ ಹೋಗಬೇಕು ಅನ್ನುತ್ತದೆ. ಅಡುಗೆಮನೆಗೆ ಹೋದರೆ ಸೊಸೆ "ಅತ್ತೆ, ನೀವ್ ಕೂತ್ಕಣಿ" ಅನ್ನುತ್ತಾಳೆ. ಕೇಳಲು ಮರ್ಯಾದೆಯ ಮಾತು. ಅರ್ಥ ಮಾತ್ರ 'ನನ್ನ ಅಡುಗೆಮನೆಯಿಂದ ಆಚೆ ಹೋಗಿ' ಎಂದು. ಟೀವಿ ಮುಂದೆ ಕೂತರೆ ಅಲ್ಲಿಯೂ ಯಾವುದೋ ಸೊಸೆ ಯಾವುದೋ ಅತ್ತೆಗೆ ಅದನ್ನೇ ಹೇಳುತ್ತಿರುತ್ತಾಳೆ, ಆದರೆ ರೇಷ್ಮೆ ಸೀರೆ ಉಟ್ಟು.

ಮದರಾಸಿನ ಕೀಲ್ಪಾಕಿನಲ್ಲಿ ನಮ್ಮ ಮನೆಯ ಮುಂಭಾಗದಲ್ಲಿ ಮೊದಲು ಹೋಟೆಲಿತ್ತು. ಕುಂದಾಪುರದ ಕಡೆಯಿಂದ ಬಂದ ನನ್ನ ಗಂಡ ಅದನ್ನು ಶುರು ಮಾಡಿದ್ದು. ಅವರು ಮುಂದೆ ಗಲ್ಲಾದಲ್ಲಿ, ಅಂದರೆ ದುಡ್ಡು ತೆಗೆದುಕೊಳ್ಳುವ ಮೇಜಿನ ಹಿಂದೆ, ವಿಭೂತಿ ಬಳಿದುಕೊಂಡು ಕೂರುತ್ತಿದ್ದರು. ನಾನು ಹಿಂದೆ ಹಿಟ್ಟು, ಚಟ್ನಿ, ಹೊಗೆ. ಗಿರಾಕಿಗಳು "ಸಾಂಬಾರ್ ಪ್ರಮಾದಂ ಸಾರ್" ಎಂದು ಹೊಗಳಿದರೆ ಅವರು ತಾವೇ ಕುದಿಸಿದ ಹಾಗೆ ತಲೆದೂಗುತ್ತಿದ್ದರು. ಅವರು ಹೋದ ಮೇಲೆ ಮಗ ಕೆಲವು ವರ್ಷ ನಡೆಸಿದ. ಆಮೇಲೆ ಷಟರ್ ಎಳೆದು, ನೀರು ಶುದ್ಧ ಮಾಡುವ ಯಂತ್ರದ ಏಜೆನ್ಸಿ ಹಿಡಿದ. ಅದಕ್ಕೆ ಹಿಟ್ಟೂ ಬೇಡ, ತಾಯಿಯೂ ಬೇಡ.

ಹೀಗೆ ಖಾಲಿ ಬಿದ್ದಿದ್ದ ಅಂಗಡಿಯನ್ನೂ ಮಹಡಿಯ ಕೋಣೆಯನ್ನೂ ಕೇಳಿಕೊಂಡು ಒಂದು ಹೆಣ್ಣು ಬಂತು. ಕೊರಿಯಾ ದೇಶದ್ದು. ಹೆಸರು ಮಿನ್‌ಜಿ, ನನ್ನ ಬಾಯಲ್ಲಿ ಅದು ಮೊದಲ ದಿನವೇ ಮಂಜಿ ಆಯಿತು. ಮೊದಲು ತನ್ನ ದೇಶದವರ ಕಾರ್ಖಾನೆಯೊಂದರಲ್ಲಿ ದುಭಾಷಿಯಾಗಿ ಇಲ್ಲಿದ್ದಳಂತೆ. ವಾಪಸು ಹೋದ ಮೇಲೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ವ್ಯಾಪಾರದ ವೀಸಾ ಮಾಡಿಸಿಕೊಂಡು, ಬೇಕರಿ ಇಡುತ್ತೇನೆ ಎಂದು ಒಬ್ಬಳೇ ಬಂದಿದ್ದಳು. ಹೋಟೆಲಿನವರ ಮನೆಯಲ್ಲಿ ಬಾಡಿಗೆಗೆ ಬರುವವರನ್ನು ನಾವು ಜಾತಕಕ್ಕಿಂತ ಹೆಚ್ಚು ನೋಡುತ್ತೇವೆ. "ಅಂಗಡಿಯಲ್ಲಿ ಮೊಟ್ಟೆ?" ಎಂದು ತಮಿಳಿನಲ್ಲಿ ಕೇಳಿದೆ. "ಇಲ್ಲೆ ಪಾಟ್ಟಿ" ಅಂದಳು, ಇಲ್ಲ ಅಜ್ಜಿ ಎಂದು. "ಮಾಂಸ?" "ಇಲ್ಲೆ ಪಾಟ್ಟಿ." "ಮೀನು ತಿಂತೀಯಾ?" ಅವಳು ಸ್ವಲ್ಪ ಹೊತ್ತು ಯೋಚಿಸಿ, "ಸಾಪ್ಪಿಡುವೇನ್. ವೆಳಿಯೆ" ಅಂದಳು. ತಿನ್ನುತ್ತೇನೆ, ಆದರೆ ಹೊರಗೆ. ಇಷ್ಟು ಸತ್ಯ ಹೇಳುವವರು ನಮ್ಮ ನೆಂಟರಲ್ಲೇ ಇಲ್ಲ. ಮನೆ ಕೊಟ್ಟೆ.

ಅವಳ ವೀಸಾ ಒಂದು ವಿಚಿತ್ರ. ನಾನು ಮದುವೆಯಾಗಿ ಮದರಾಸಿಗೆ ಬಂದಾಗ ಒಂದು ಟ್ರಂಕು, ಒಂದು ಉಪ್ಪಿನಕಾಯಿ ಭರಣಿ, ಅಷ್ಟೆ. ಯಾಕೆ ಬಂದೆ, ಎಷ್ಟು ದಿನ ಇರುತ್ತೀ ಎಂದು ಯಾರೂ ಕೇಳಲಿಲ್ಲ. ಅತ್ತೆ ಮಾತ್ರ ಆಗಾಗ ಕೇಳುತ್ತಿದ್ದರು. ಈ ಹೆಣ್ಣಿಗೆ ಹಾಗಲ್ಲ. ಅವಧಿ ಮುಗಿಯುತ್ತ ಬಂದ ಹಾಗೆ, ಇನ್ನೂ ಇರಬಹುದಾ ಎಂದು ಕಚೇರಿಗೆ ಅರ್ಜಿ ಹಾಕಬೇಕು. ಕೊಡುವ ತನಕ ಉಗುರು ಕಡಿಯಬೇಕು.

ಬೇಕರಿ ತೆರೆಯಿತು. ಷಟರ್ ಮೇಲೇಳುವ ಸದ್ದು ಕೇಳಿದ ಕೂಡಲೇ ನನ್ನ ಮಂಡಿನೋವು ಅರ್ಧ ಹೋಯಿತು. ಅವಳು ಒಳಗೆ ಕೆಂಪು ಕಾಳಿನ ಹೂರಣ ತುಂಬಿದ ಬನ್ನು ಮಾಡುತ್ತಾಳೆ. ರುಚಿ ನೋಡಿದರೆ ನಮ್ಮ ಹೋಳಿಗೆಗೆ ದೂರದ ಸಂಬಂಧ. ಮೊದಲ ವಾರ ನಾನು ನೋಡಲು ಹೋದೆ. ಎರಡನೇ ವಾರ ಬುದ್ಧಿ ಹೇಳಲು ಹೋದೆ. ಹಿಟ್ಟಿನ ವಿಷಯ ನನಗೆ ಗೊತ್ತಿಲ್ಲದ್ದು ಏನಿದೆ ಎಂದು ಒಂದು ದಿನ ಅವಳು ಫೋನಿನಲ್ಲಿದ್ದಾಗ ಉಬ್ಬಿ ಕೂತಿದ್ದ ಹಿಟ್ಟನ್ನು ಚೆನ್ನಾಗಿ ಗುದ್ದಿ ನಾದಿ ಇಟ್ಟೆ. ಆ ದಿನದ ಬನ್ನುಗಳನ್ನು ಎದುರು ಮನೆಯ ನಾಯಿ ಮೂಸಿ, ನನ್ನ ಮುಖ ನೋಡಿ, ಹೊರಟುಹೋಯಿತು. ಮಂಜಿ ಬೈಯಲಿಲ್ಲ. ನನ್ನ ಕೈ ಹಿಡಿದು ಕರೆದುಕೊಂಡು ಬಂದು ಗಲ್ಲಾದಲ್ಲಿ ಕೂರಿಸಿದಳು. ಹಿಟ್ಟಿನಿಂದ ದೂರ ಇರಲಿ ಎಂದು ಇರಬೇಕು. ನನಗೇನು? ಗಂಡ ಬದುಕಿದ್ದಷ್ಟು ದಿನ ಆ ಕುರ್ಚಿಯ ಧೂಳು ಒರೆಸಿದ್ದು ಬಿಟ್ಟರೆ ಕೂತವಳಲ್ಲ. ಕೂತು ನೋಡಿದೆ. ಬೀದಿಯೆಲ್ಲ ಕಾಣುತ್ತದೆ. ಹೋಗುವವರನ್ನು "ಏನಮ್ಮಾ, ಮಗಳಿಗೆ ಗಂಡು ಸಿಕ್ಕಿತಾ?" ಎಂದು ನಿಲ್ಲಿಸಬಹುದು, ನಿಂತವರು ಸುಮ್ಮನೆ ಹೋಗಲಾರದೆ ಎರಡು ಬನ್ನು ತೆಗೆದುಕೊಂಡು ಹೋಗುತ್ತಾರೆ.

ಇನ್ನು ಆ ದಿನದ ಕಥೆ. ಮಂಜಿ ಮೈದಾ ತರಲು ಹೋಗಿದ್ದಳು. ಪ್ಯಾಂಟು ಶರ್ಟು ಹಾಕಿ, ಕಂಕುಳಲ್ಲಿ ಫೈಲು ಇಟ್ಟುಕೊಂಡ ಒಬ್ಬರು ಬಂದು, ಗೋಡೆ ನೋಡಿದರು, ಸೂರು ನೋಡಿದರು, ನನ್ನನ್ನು ನೋಡಿದರು. ಹೋಟೆಲಿನವಳಿಗೆ ಗೊತ್ತಾಗುವುದಿಲ್ಲವೇ? ಸರ್ಕಾರದವರು. ನಮ್ಮ ಹೋಟೆಲಿಗೆ ಇಂಥವರು ಎಷ್ಟೋ ಮಂದಿ ಬಂದಿದ್ದಾರೆ: ಆರೋಗ್ಯ ಇಲಾಖೆ, ತೂಕದ ಇಲಾಖೆ, ಇನ್ನೂ ಯಾವುದೋ. ಅವರಿಗೆ ನಮ್ಮಲ್ಲಿ ಒಂದೇ ಕ್ರಮ. ಮೊದಲು ತಿನ್ನಲು ಕೊಡಬೇಕು. ಆಮೇಲೆ, ಯಜಮಾನರು ಯಾರು ಎಂದು ಕೇಳಿದರೆ, ಯಜಮಾನರು ಊರಿಗೆ ಹೋಗಿದ್ದಾರೆ ಅನ್ನಬೇಕು. ಗಲ್ಲಾದಲ್ಲಿ ಕೂತೇ ನನ್ನ ಗಂಡ ತಾನು ಊರಿಗೆ ಹೋಗಿದ್ದೇನೆ ಎಂದು ಎಷ್ಟೋ ಸಲ ಹೇಳಿದ್ದಾರೆ. ಯಜಮಾನ ಇಲ್ಲದ ಅಂಗಡಿಯ ತಪ್ಪನ್ನು ಯಾರ ಮೇಲೆ ಬರೆಯುವುದು?

ಬನ್ನು ಕೊಟ್ಟೆ. ತಿಂದರು. "ಓನರ್ ಯಾರುಮ್ಮಾ?" ಅಂದರು.

"ಓನರ್ ಇಲ್ಲೀಂಗ. ಊರುಕ್ಕು ಪೋಯಿಟ್ಟಾರು."

"ಎಂದ ಊರು?" ಯಾವ ಊರು ಅಂತ.

"ಉಡುಪಿ."

ಅವರು ತಿನ್ನುವುದನ್ನು ನಿಲ್ಲಿಸಿದರು. ಫೈಲಿನಿಂದ ಒಂದು ಫೋಟೋ ತೆಗೆದು ತೋರಿಸಿ, "ಅಪ್ಪೋ ಇಂದ ಪೊಣ್ಣು?" ಎಂದು ಕೇಳಿದರು. ಹಾಗಾದರೆ ಈ ಹುಡುಗಿ ಅಂತ. ಮಂಜಿಯ ಫೋಟೋ! ಪರದೇಶದ ಹೆಣ್ಣು, ಒಬ್ಬಳೇ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೋ ಎಂದು ನನಗೆ ತಿಳಿದಷ್ಟು ತಮಿಳನ್ನೆಲ್ಲ ಖರ್ಚು ಮಾಡಿದೆ. ಪಾಪ, ಅದು ಮಹಡಿಯಲ್ಲಿ ಬಾಡಿಗೆಗೆ ಇರುವುದು ಸಾರ್, ಅದಕ್ಕೂ ಅಂಗಡಿಗೂ ಏನೇನೂ ಸಂಬಂಧವಿಲ್ಲ, ಬನ್ನು ಮಾಡಲೂ ಬರುವುದಿಲ್ಲ, ಎಲ್ಲ ನಾನೇ ನೋಡಿಕೊಳ್ಳುವುದು ಎಂದೆ. ಅವರು ಎಲ್ಲವನ್ನೂ ಬರೆದುಕೊಂಡು, ಬನ್ನು ಚೆನ್ನಾಗಿದೆ ಎಂದು ಹೇಳಿ ಹೋದರು. ಒಂದು ಜೀವವನ್ನು ಕಾಪಾಡಿದ ಖುಷಿಯಲ್ಲಿ ನಾನೂ ಒಂದು ಬನ್ನು ತಿಂದೆ.

ಸಂಜೆ ಇದನ್ನು ಹೆಮ್ಮೆಯಿಂದ ಹೇಳಿದಾಗ ಮಂಜಿ ಮೈದಾ ಮೂಟೆಯ ಮೇಲೆ ಕುಸಿದು ಕೂತಳು. ಮೊಮ್ಮಗಳು ಶ್ರೇಯಾ ತಲೆ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ಪಾಟ್ಟಿ! ಕಡೈ ನಡತ್ತತ್ತಾನ್ ಅವಂಗಳುಕ್ಕು ವೀಸಾ!" ಎಂದು ಕಿರುಚಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು; ಸಿಟ್ಟು ಬಂದರಂತೂ ಶುದ್ಧ ತಮಿಳು. ವಿಷಯ ಇಷ್ಟು. ಅಂಗಡಿ ನಡೆಸುವುದಕ್ಕೆಂದೇ ಮಂಜಿಗೆ ಈ ದೇಶದಲ್ಲಿರಲು ಬಿಟ್ಟಿರುವುದು. ವೀಸಾ ಮುಂದುವರಿಸುವ ಮೊದಲು, ನಿಜವಾಗಿ ನಡೆಸುತ್ತಿದ್ದಾಳೆಯೇ ಎಂದು ನೋಡಲು ಅವರು ಬಂದಿದ್ದರು. ನಾನು ಇಲ್ಲ ಎಂದು ಬರೆಸಿ ಕಳಿಸಿದ್ದೆ. ಮಗ ಬಂದವನು, "ಅಮ್ಮ, ಅಪ್ಪಯ್ಯ ಹೋಗಿ ಎಷ್ಟ್ ವರ್ಷ ಆಯ್ತ್, ನೀನ್ ಇನ್ನೂ ಯಜಮಾನ್ರನ್ನ ಊರಿಗ್ ಕಳ್ಸತಿದ್ಯಲ್ಲೆ ಮಾರಾಯ್ತಿ!" ಎಂದ.

ಮರುದಿನವೇ ಬನ್ನೆಲ್ಲ ಅರ್ಧ ಬೆಂದವು. ಮಂಜಿಗೆ ಒಲೆಯ ಮೇಲೆ ಕಣ್ಣಿರಲಿಲ್ಲ. ಊರಲ್ಲಿದ್ದ ದುಡ್ಡನ್ನೆಲ್ಲ ಆ ದೊಡ್ಡ ಒಲೆಗೆ ಸುರಿದಿದ್ದಾಳೆ. ವಾಪಸು ಹೋಗುವಾಗ ಅದನ್ನು ವಿಮಾನದಲ್ಲಿ ಕಟ್ಟಿಕೊಂಡು ಹೋಗಲಾಗುತ್ತದೆಯೇ? ಕಚೇರಿಯಿಂದ ಕರೆ ಬರುವವರೆಗೆ ನಾನು ಹಿತ್ತಿಲಿಗೆ ಹೋದೆ, ಗೇಟಿಗೆ ಬಂದೆ, ಮತ್ತೆ ಹಿತ್ತಿಲಿಗೆ ಹೋದೆ. ಅವಳ ಮೇಲೆ ಕನಿಕರ ಉಕ್ಕಿ ಹರಿಯಿತು ಎಂದು ಸುಳ್ಳು ಹೇಳುವುದಿಲ್ಲ. ಆ ಷಟರ್ ಇನ್ನೊಮ್ಮೆ ಕೆಳಗಿಳಿದರೆ ನನ್ನ ಗತಿಯೇನು ಎನ್ನುವುದೇ ದೊಡ್ಡ ಚಿಂತೆ. ಮತ್ತೆ ಅದೇ ಟೀವಿ, ಅದೇ ಕೂತ್ಕಣಿ.

ಕರೆ ಬಂತು. ಮಂಜಿ, ಶ್ರೇಯಾ, ನಾನು ಮೂವರೂ ಹೋದೆವು. ಅದೇ ಅಧಿಕಾರಿ. ನನ್ನನ್ನು ಕಂಡವರೇ, "ವಾಂಗ ಪಾಟ್ಟಿ, ಓನರ್ ಉಡುಪಿಲೇಂದು ವಂದಾಚ್ಚಾ?" ಎಂದು ಕೇಳಿದರು. ಉಡುಪಿಯಿಂದ ಯಜಮಾನರು ಬಂದರಾ ಅಂತ! ಶ್ರೇಯಾ ನನ್ನ ಸೆರಗು ಜಗ್ಗಿ, "ಚುಮ್ಮಾ ಇರುಂಗ" ಎಂದು ಪಿಸುಗುಟ್ಟಿದಳು. ಸುಮ್ಮನಿರಲು ಬಂದಿದ್ದರೆ ಇಲ್ಲಿಗೆ ಯಾಕೆ ಬರಬೇಕಿತ್ತು? ಸುಳ್ಳು ಹೇಳಿದೆ ಸಾರ್ ಎಂದೆ. ಹೋಟೆಲಿನ ಅಭ್ಯಾಸ, ಬಾಯಿಂದ ತಾನಾಗಿ ಬಂತು. ಅಂಗಡಿ ಅವಳದೇ, ಕಾಳು ನೆನೆಸುವುದರಿಂದ ಹಿಡಿದು ನೆಲ ಒರೆಸುವ ತನಕ ಅವಳೇ ಎಂದೆ.

"ಅಪ್ಪೋ ನೀಂಗ ಅಂಗೆ ಎನ್ನ ಪಣ್ಣರೀಂಗ?"

ಹಾಗಾದರೆ ನೀವು ಅಲ್ಲಿ ಏನು ಮಾಡುತ್ತೀರಿ? ಅಷ್ಟೇ ಅವರು ಕೇಳಿದ್ದು, ನಗುತ್ತಲೇ ಕೇಳಿದ್ದು. ಸಾಲಿನಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದರು. ನಾನು ಹೇಳಬಹುದಾದದ್ದನ್ನು ಒಂದೊಂದಾಗಿ ಯೋಚಿಸಿದೆ. ಗಲ್ಲಾ ನೋಡಿಕೊಳ್ಳುತ್ತೇನೆ ಅಂದರೆ ಮತ್ತೆ ಅನುಮಾನ. ಬುದ್ಧಿ ಹೇಳುತ್ತೇನೆ ಅಂದರೆ ಆ ಹಿಟ್ಟಿನ ವಿಷಯ ಬರುತ್ತದೆ. ಉಳಿದದ್ದು ನಿಜ ಒಂದೇ.

"ಒಣ್ಣುಂ ಇಲ್ಲೆ ಸಾರ್. ವೀಟ್ಲೆ ವೇಲೆ ಇಲ್ಲೆ. ಚುಮ್ಮಾ ಪೋಯಿ ಉಕ್ಕಾರುವೇನ್." ಏನೂ ಇಲ್ಲ, ಮನೆಯಲ್ಲಿ ಕೆಲಸವಿಲ್ಲ, ಸುಮ್ಮನೆ ಹೋಗಿ ಕೂರುತ್ತೇನೆ.

ಇಷ್ಟು ವರ್ಷ ಹೊಗೆ ಕುಡಿದವಳು ಇದನ್ನು ನಾಲ್ಕು ಜನರ ಮುಂದೆ ನನ್ನ ಬಾಯಿಂದಲೇ ಹೇಳಬೇಕಾಯಿತಲ್ಲ ಎಂದು ನೆಲ ನೋಡುತ್ತಿದ್ದಾಗ ಪಕ್ಕದಿಂದ ಮಂಜಿ, "ಇಲ್ಲೆ ಸಾರ್. ಪಾಟ್ಟಿ ಸ್ಟಾಫ್" ಅಂದಳು.

"ಸ್ಟಾಫಾ? ಎನ್ನ ವೇಲೆ?" ಏನು ಕೆಲಸ ಅಂತ.

ಮಂಜಿ, ಮೀನಿನ ಪ್ರಶ್ನೆಗೆ ಯೋಚಿಸಿದಷ್ಟೇ ಹೊತ್ತು ಯೋಚಿಸಿದಳು. "ಪೇಸುವಾಂಗ" ಅಂದಳು. ಮಾತಾಡುತ್ತಾರೆ. "ರೊಂಬ ಪೇಸುವಾಂಗ. ಕಸ್ಟಮರ್ ವರುವಾಂಗ." ಬಹಳ ಮಾತಾಡುತ್ತಾರೆ, ಗಿರಾಕಿ ಬರುತ್ತಾರೆ. ಅಧಿಕಾರಿ ಬಿದ್ದು ಬಿದ್ದು ನಕ್ಕರು. ಅವಳ ಕಾಗದಗಳನ್ನೆಲ್ಲ ಇನ್ನೊಮ್ಮೆ ಮಗುಚಿ ನೋಡಿ, ಎಲ್ಲ ಸರಿಯಾಗಿದೆ, ಆದರೆ ಈ ಸ್ಟಾಫನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದರು. ಕೆಲವು ದಿನಗಳಲ್ಲಿ ವೀಸಾ ಮುಂದುವರಿಯಿತು.

ಈಗ ನಾನು ನೌಕರಿಯವಳು. ತಲೆಗೆ ಬಿಳಿ ಟೊಪ್ಪಿ, ಸೀರೆಯ ಮೇಲೆ ಏಪ್ರನ್. ನಮ್ಮ ಮನೆತನದ ಹೆಂಗಸರಲ್ಲಿ ಸಂಬಳ ಎಣಿಸಿಕೊಂಡವಳು ನಾನೇ ಮೊದಲು; ಸೊಸೆಗೆ ಎರಡು ಸಲ ಹೇಳಿದ್ದೇನೆ. ಮಂಜಿ ಹಾಕಿದ ಷರತ್ತು ಒಂದೇ: ಗಿರಾಕಿಗಳ ಹತ್ತಿರ ಎಷ್ಟು ಬೇಕಾದರೂ ಮಾತಾಡು, ಸರ್ಕಾರದವರು ಬಂದರೆ ಬಾಯಿ ತೆರೆಯಬೇಡ. ಒಪ್ಪಿಕೊಂಡೆ. ಆದರೆ ಈಗಿನ ಕಾಲದಲ್ಲಿ ಯಾರು ಸರ್ಕಾರದವರು, ಯಾರು ಇನ್ಶೂರೆನ್ಸಿನವರು ಎಂದು ಮುಖ ನೋಡಿ ಹೇಳುವುದು ಹೇಗೆ? ಬ್ಯಾಗು ಹಿಡಿದ ಯಾರೇ ಮೆಟ್ಟಿಲು ಹತ್ತಿದರೂ ನನ್ನ ನಾಲಗೆ ಒಳಗೆ ಕುಣಿಯಲು ಶುರು ಮಾಡುತ್ತದೆ. ಅದನ್ನು ತಡೆಯಲು ನನಗೆ ತಿಳಿದದ್ದು ಒಂದೇ ಉಪಾಯ: ಕೂಡಲೇ ಒಂದು ಬನ್ನನ್ನು ಬಾಯಿಗೆ ತುರುಕಿಕೊಂಡು, ಅವರು ಹೋಗುವ ತನಕ ನಿಧಾನವಾಗಿ ಅಗಿಯುತ್ತೇನೆ.

ಮೊನ್ನೆ ಡಾಕ್ಟರು ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದರು. ಸಕ್ಕರೆ ಎಲ್ಲಿಗೋ ಹೋಗಿದೆಯಂತೆ. ಈ ವಯಸ್ಸಿನಲ್ಲಿ ಇಷ್ಟು ಸಿಹಿ ಯಾಕಮ್ಮಾ ತಿನ್ನುತ್ತೀರಿ ಎಂದು ಗದರಿದರು.

"ಎನ್ನ ಪಣ್ಣರದು ಸಾರ್," ಏನು ಮಾಡುವುದು ಅಂದೆ, "ಡ್ಯೂಟಿ."