ಮೇಷ್ಟ್ರ ಕಾರ್ಯಾಗಾರ, ಅತ್ತೆಯ ವ್ಯಾಪಾರ

ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸಿದ್ದ ಮೇಷ್ಟ್ರು ಜೀವಮಾನದಲ್ಲಿ ಒಂದು ಗುಂಡುಸೂಜಿಯನ್ನೂ ಮಾರಿದವರಲ್ಲ. ಅಂಥವರಿಗೆ ಪ್ರಾಂಶುಪಾಲರು, "ಹುಡುಗರು ಕೈಯಾರೆ ಮಾಡಿ ಕಲಿಯೋ ಹಾಗೆ ಒಂದು ಉದ್ಯಮಶೀಲತಾ ಕಾರ್ಯಾಗಾರ ಮಾಡಿ. ಭಾಷಣ ಮಾತ್ರ ಬೇಡ," ಎಂದುಬಿಟ್ಟರು. (ಭಾಷಣ ಕಳೆದರೆ ಮೇಷ್ಟ್ರಲ್ಲಿ ಉಳಿಯುವುದು ಕನ್ನಡಕವೊಂದೇ.)

ಭಾನುವಾರ ಬೆಳಿಗ್ಗೆ ಮನೆಯಲ್ಲೇ ತಾಲೀಮು ಶುರುವಾಯಿತು. ಊಟದ ಮೇಜಿನ ಮೇಲೆ ಪೇಪರು, ಅಂಟು, ಕತ್ತರಿ. ಎದುರಿಗೆ ಹೆಂಡತಿ ಮತ್ತು ಆಕೆಯ ತಾಯಿ.

"ಒಂದು ಗಂಟೇಲಿ ಏನಾದ್ರೂ ತಯಾರಿಸಿ ಅಕ್ಕಪಕ್ಕದ ಮನೆಯವರಿಗೆ ಮಾರ್ಬೇಕು," ಮೇಷ್ಟ್ರು ಅಪ್ಪಣೆ ಕೊಡಿಸಿದರು.

"ಆ ಪೇಪರ್ ನಾನಿನ್ನೂ ಓದಿಲ್ಲ," ಎಂದಳು ಹೆಂಡತಿ.

"ಉದ್ಯಮಿಯಾದವನು ತ್ಯಾಗಕ್ಕೆ ಸಿದ್ಧನಿರಬೇಕು!"

"ಹಾಗಾದ್ರೆ ನಿಮ್ಮ ಪಾಠದ ನೋಟ್ಸ್ ಕತ್ತರಿಸಲಾ?"

ಮೇಷ್ಟ್ರು ನೋಟ್ಸನ್ನು ಕಂಕುಳಿಗೆ ಸೇರಿಸಿಕೊಂಡರು. ಅತ್ತೆ ಮಾತ್ರ ಕತ್ತರಿ ಮುಟ್ಟಲೇ ಇಲ್ಲ. "ಅಳಿಯಂದ್ರೇ, ಯಾರಿಗೆ ಏನು ಬೇಕು ಅಂತ ಕೇಳ್ದೆ ಮಾಡೋದು ಹೇಗೆ? ವಿಚಾರಿಸ್ಕೊಂಡು ಬರ್ತೀನಿ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

'ಗ್ರಾಹಕ ಸಮೀಕ್ಷೆ!' ಎಂದು ಮೇಷ್ಟ್ರು ಸಂಭ್ರಮದಿಂದ ಬರೆದುಕೊಂಡರು. ಅವರೇ ಅಂಟಿಸಿದ ಎರಡು ಪೇಪರ್ ಚೀಲಗಳ ತಳ ಕಿತ್ತುಬರುವ ಹೊತ್ತಿಗೆ ಅತ್ತೆ ಮುಖ ಅರಳಿಸಿಕೊಂಡು ಬಂದರು.

"ಚೀಲ ಯಾರಿಗೂ ಬೇಡ. ಆದ್ರೆ ಈ ಮಹಡಿಯ ಐದೂ ಮನೇಲಿ ಫ್ಯಾನಿನ ಮೇಲೆ ಗೇಣುದ್ದ ಧೂಳು, ಯಾರಿಗೂ ಕೈ ಎಟುಕಲ್ಲ. ದುಡ್ಡು ತಗೊಂಡು ಒರೆಸಿಕೊಡ್ತೀವಿ ಅಂತ ಒಪ್ಕೊಂಡು ಬಂದೆ."

"ಭೇಷ್! ಅದಕ್ಕೆ ಬಂಡವಾಳ?"

"ಮನೇಲೇ ಇದೆಯಲ್ಲ," ಎಂದು ಅತ್ತೆ ಆರಡಿ ಎತ್ತರದ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಮೇಷ್ಟ್ರಿಗೆ ಅರ್ಥವಾಗುವಷ್ಟರಲ್ಲಿ ಹೆಂಡತಿ ಒದ್ದೆ ಬಟ್ಟೆಯನ್ನು ಅವರ ಹೆಗಲಿಗೇರಿಸಿ, "ಉದ್ದ ಇದ್ದೋರಿಗೇ ಉದ್ಯಮ, ಹೊರಡಿ," ಎಂದಳು.

ಸಂಜೆಯೊಳಗೆ ಹನ್ನೊಂದು ಫ್ಯಾನು, ಲೆಕ್ಕವಿಲ್ಲದಷ್ಟು ಸೀನು. ಆದರೂ ಸ್ಟೂಲಿನ ಮೇಲೆ ನಿಂತಿದ್ದ ಮೇಷ್ಟ್ರಿಗೆ ಒಳಗೊಳಗೇ ಖುಷಿ. ಇಷ್ಟು ವರ್ಷಗಳಲ್ಲಿ ಯಾವ ತರಗತಿಯೂ ಅವರನ್ನು ಕೆಳಗೆ ನಿಂತ ಈ ಮನೆಯವರ ಹಾಗೆ ತಲೆಯೆತ್ತಿ ನೋಡಿರಲಿಲ್ಲ.

ಕಾರ್ಯಾಗಾರದ ದಿನ ಅವರು ಅತ್ತೆಯನ್ನೇ ಕರೆದೊಯ್ದರು. ಆಕೆ ನಡೆದದ್ದನ್ನು ನಡೆದಂತೆ ಹೇಳಿ, "ಮೊದಲು ಹೋಗಿ ಕೇಳ್ಕೊಂಡು ಬನ್ನಿ," ಎಂದದ್ದೇ ತಡ, ಎಂದೂ ಬೆಂಚು ಬಿಟ್ಟು ಏಳದ ವಿದ್ಯಾರ್ಥಿಗಳು ಸುತ್ತಲಿನ ಬೀದಿಗಳಿಗೆ ನುಗ್ಗಿದರು. ಪ್ರಾಂಶುಪಾಲರು ಬೆರಗಾಗಿ, "ಈ ಉದ್ಯಮದಲ್ಲಿ ನೀವೂ ಪಾಲುದಾರರಾ ಮೇಷ್ಟ್ರೇ?" ಎಂದು ಕೇಳಿದರು.

ಮೇಷ್ಟ್ರು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಡ್ಡ ಬಂದರು.

"ಅಯ್ಯೋ ಇಲ್ಲ ಸಾರ್, ಅವ್ರು ಸರಕು. ನಿಮ್ಮನೇಲಿ ಫ್ಯಾನು ಎಷ್ಟಿವೆ?"