ಕಾಕಾನ ಕೈಗೆ ಮೈಕು

ನಮ್ಮ ಕಾಕಾನ ಬಾಯಿಯಿಂದ ನನಗೆ ಈವರೆಗೆ ಬಿದ್ದ ಖರ್ಚು ಇಷ್ಟು: ಒಂದು ಕಾರ್ಡ್‌ಲೆಸ್ ಮೈಕು, ಇಬ್ಬರು ಖಾಯಂ ಗಿರಾಕಿಗಳು, ಮತ್ತು ಸಂಶಿಯ ಇಡೀ ಒಂದು ಓಣಿಯ ಮದುವೆಗಳು. ಮೈಕು ಸಾರಿನ ಹಂಡೆಯಲ್ಲಿ ಮುಳುಗಿ ಹೋಯಿತು. ಗಿರಾಕಿಗಳು ನನ್ನ ಕಡೆ ತಿರುಗಿಯೂ ನೋಡದೆ ಮುಂದಿನ ಊರಿನ ಶಾಮಿಯಾನದವನ ಅಂಗಡಿಗೆ ನಡೆದು ಹೋದರು. ಓಣಿ ಹೋದದ್ದು ಹೇಗೆಂಬುದನ್ನು ಆಮೇಲೆ ಹೇಳುತ್ತೇನೆ, ಅದು ಸ್ವಲ್ಪ ಉಪ್ಪಿನ ವಿಷಯ.

ಹಾಗಂತ ಕಾಕಾ ಕುಡುಕನಲ್ಲ. ಇಸ್ಪೀಟು ಮುಟ್ಟಿದವನಲ್ಲ. ಯಾರ ಹೊಲದ ಒಂದು ಕಡಲೆ ಗಿಡ ಕಿತ್ತವನಲ್ಲ. ಅವನಿಗಿರುವುದು ಒಂದೇ ಚಟ. ಸತ್ತವರ ಬಗ್ಗೆ ಖರೇ ಹೇಳುತ್ತಾನೆ! ಮನೆಯ ಕಟ್ಟೆಯ ಮೇಲೆ ಕೂತು ಹೇಳಿದರೆ ಯಾರಿಗೇನು ತ್ರಾಸು? ಮೈಕು ಹಿಡಿದು ಹೇಳುತ್ತಾನೆ. ಅದೂ ನನ್ನ ಮೈಕು!

ನನ್ನದು ಪೆಂಡಾಲು, ಕುರ್ಚಿ, ಮೈಕ್ ಸೆಟ್ಟಿನ ವ್ಯವಹಾರ. ಯಾರೋ ಮಾರಲು ತೆಗೆದಿದ್ದ ಹಳೇ ಕುರ್ಚಿಗಳನ್ನು, ಕಾಲು ಮುರಿದವನ್ನು ಪುಕ್ಕಟೆ ಹಾಕಿಸಿಕೊಂಡು, ಅಗದಿ ಸೋವಿಯಲ್ಲಿ ಕೊಂಡು ಶುರು ಮಾಡಿದವನು ನಾನು. ಮುರಿದವಕ್ಕೆ ಕಾಲು ಹಚ್ಚಿಸಿದೆ. ಆ ಕುರ್ಚಿಗಳೇ ನನ್ನನ್ನು ಇಲ್ಲಿಯವರೆಗೆ ತಂದವು. ಈಗ ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಏನಾದರೂ ಮೊದಲು ನನಗೆ ಫೋನು ಬರುತ್ತದೆ, ಆಮೇಲೆ ಬೀಗರಿಗೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಮದುವೆಯಲ್ಲಿ ಒಂದೊಂದು ಕುರ್ಚಿಗೂ ಚೌಕಾಶಿ ಮಾಡುವ ಜನ, ಸಾವಾದ ಮನೆಯಲ್ಲಿ ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ಹಾಗೆ ಮಾಡಬೇಡಿ. ಆ ದಿನ ವ್ಯವಹಾರ ಮಾತಾಡಲು ಅಳುತ್ತಿರುವವರನ್ನು ಕಳಿಸಬಾರದು, ದೂರದ ಅಳಿಯನನ್ನು ಕಳಿಸಬೇಕು. ನನ್ನ ನಷ್ಟ ನಾನು ನೋಡಿಕೊಳ್ಳುತ್ತೇನೆ.

ನಮ್ಮ ಕಡೆ ಒಬ್ಬರು ಲಿಂಗೈಕ್ಯರಾದರೆ, ಮಣ್ಣು ಕೊಟ್ಟು ಬಂದ ಕೆಲವು ದಿನಕ್ಕೆ ಶಿವಗಣಾರಾಧನೆ ಮಾಡುತ್ತಾರೆ. ಫೋಟೋಕ್ಕೆ ಹಾರ, ಬಂದವರಿಗೆ ಹುಗ್ಗಿ ಊಟ, ಊಟಕ್ಕೆ ಮೊದಲು ನುಡಿನಮನ. ನುಡಿನಮನವೆಂದರೆ ಬಂದವರಲ್ಲಿ ಕೆಲವರು ಎದ್ದು ನಿಂತು, ತೀರಿಹೋದವರ ಬಗ್ಗೆ ಒಳ್ಳೆಯ ಮಾತಾಡುವುದು. ಬೆನ್ನ ಹಿಂದೆ ದೊಡ್ಡ ಬ್ಯಾನರು. ಬ್ಯಾನರಿನ ಅಂಗಡಿಯವನ ಕಂಪ್ಯೂಟರಿನಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಮಜಕೂರು ತಯಾರಿರುತ್ತದೆ. ಫೋಟೋ, ಹೆಸರು ಬದಲಾದರೆ ಮುಗಿಯಿತು. ಹಾಗಾಗಿ ನಮ್ಮ ತಾಲೂಕಿನಲ್ಲಿ ಈಚೆಗೆ ತೀರಿಕೊಂಡ ಗಂಡಸರೆಲ್ಲ 'ಅಜಾತಶತ್ರು, ಕೊಡುಗೈ ದಾನಿ'. ಹೆಂಗಸರೆಲ್ಲ 'ಸಾಕ್ಷಾತ್ ಅನ್ನಪೂರ್ಣೆ, ಮಿತಭಾಷಿ'. ಇಷ್ಟು ಒಳ್ಳೆಯವರೆಲ್ಲ ಇದ್ದಾಗ ಊರಲ್ಲಿ ಅಷ್ಟೊಂದು ಕೋರ್ಟು ಕೇಸು ಯಾರು ಹಾಕಿದರು? ಈ ಪ್ರಶ್ನೆ ನಿಮಗೆ ಬಂದಿರಬಹುದು, ನನಗೂ ಬಂದಿದೆ. ಆದರೆ ನಾವಿಬ್ಬರೂ ಶಾಣ್ಯಾ ಜನ, ಸುಮ್ಮನಿರುತ್ತೇವೆ. ಕಾಕಾ ಸುಮ್ಮನಿರುವುದಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರು ಕಂಡರೆ ಸಾಕು, ಹೋಗಿ ನಿಂತು ಪೂರ್ತಿ ಓದುತ್ತಾನೆ. ಆಮೇಲೆ ತನಿಖೆ. ಹೋದವರ ಊರಿನ ಹಿಟ್ಟಿನ ಗಿರಣಿಗೆ ಹೋಗಿ ಕೂಡುತ್ತಾನೆ. ಹಿಟ್ಟು ಬೀಸಿಸಲು ಸಾಲಲ್ಲಿ ನಿಂತವರಿಗೆ ಗೊತ್ತಿಲ್ಲದ ಸಂಗತಿ ಯಾವುದಿದೆ ಹೇಳಿ! ಒಮ್ಮೆ ಬಮ್ಮಿಗಟ್ಟಿಯಲ್ಲಿ ಒಬ್ಬ ಮುದುಕ ಹೋದ. ಕಾಕಾನಿಗೂ ಅವನಿಗೂ ಪರಿಚಯವೆಂದರೆ ಹಿಂದೊಮ್ಮೆ ಸಂತೆಯಲ್ಲಿ ಒಂದೇ ಕೊಡೆಯ ಕೆಳಗೆ ಮಳೆ ನಿಲ್ಲುವ ತನಕ ನಿಂತದ್ದು. ಅಷ್ಟಕ್ಕೇ ಎರಡು ಬಸ್ಸು ಬದಲಾಯಿಸಿ ಹೋಗಿ, ಮೈಕು ಹಿಡಿದು, "ಇವ ಕೊಡೀ ಹಿಡಿಯೂದ್ರಾಗ ಭಾಳ ಜುಗ್ಗ ಇದ್ನ್ರಿ, ನನ್ನ ಎಡಗಡಿ ಭುಜಾ ಪೂರ್ತಿ ತೊಯ್ದಿತ್ತು" ಎಂದು ಸಾಕ್ಷಿ ನುಡಿದು ಬಂದ.

ಸಾರಿನ ಹಂಡೆಗೆ ಬರೋಣ. ಸಂಶಿಯ ಹತ್ತಿರದ ಒಬ್ಬ ಹೊಲದೊಡೆಯನ ಆರಾಧನೆ. ಬ್ಯಾನರಿನ ಮೇಲೆ ಕೈಯಷ್ಟು ದಪ್ಪ ಅಕ್ಷರದಲ್ಲಿ 'ಅಜಾತಶತ್ರು'. ಕಾಕಾ ಎದ್ದ. ನಾನು ಕಣ್ಣು ಮುಚ್ಚಿಕೊಂಡೆ.

"ಅಜಾತಶತ್ರು ಅಂತ ಬರಸೀರಿ. ಚೊಲೋ ಆತು. ಆದ್ರ ಹಿಂದ ಕುಂತ ಮಂದಿಯೊಳಗ ಅರ್ಧಾ ಮಂದಿ ಇವನ ಜೋಡಿ ಬದುವಿನ ಜಗಳಾ ಮಾಡಿದವ್ರು. ಅವ್ರೆಲ್ಲಾ ಶತ್ರು ಅಲ್ಲಂದ್ರ ಮತ್ತೇನ್ ಬೀಗರ?"

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕಾಕಾ ಬಿಡಲಿಲ್ಲ.

"ಮಳಿಗೆ ಬದು ಒಡದ್ರ ಇವ ತನ್ನ ಹೊಲದ್ದು ಅಷ್ಟ ಅಲ್ಲ, ಬಾಜೂ ಹೊಲದಾವನ ಬದುನೂ ತಾನ ಕಟ್ಟಿ ಬರ್ತಿದ್ದ. ಯಾಕಂದ್ರ, ನಾಳಿ ಜಗಳಾ ಮಾಡಾಕ ಬದು ಇರಬೇಕಲ್ರಿ!"

ನಗು ಶುರುವಾದದ್ದು ಬಾಜೂ ಹೊಲದವನಿಂದ. ನಗುತ್ತ ನಗುತ್ತ ಅವನು ಟಾವೆಲಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನೇ ನೋಡಿದೆ. ಆದರೆ ಹೋದವನ ಮಗನಿಗೆ ನಗು ಬರಲಿಲ್ಲ. ಬಂದು ಮೈಕು ಜಗ್ಗಿದ. ಕಾಕಾ ಬಿಡಲೊಲ್ಲ. ಇಬ್ಬರೂ ಜಗ್ಗಾಡುತ್ತ ಅಡುಗೆಯ ಕಡೆ ಸರಿದರು. ಮುಂದಿನದು ನಿಮಗೆ ಗೊತ್ತು. ಸಾರು ಮಾತ್ರ ಚೆನ್ನಾಗಿತ್ತೆಂದು ಉಂಡವರು ಹೇಳಿದರು.

ಓಣಿಯ ಮದುವೆಗಳು ಹೋದದ್ದು ಒಬ್ಬ 'ಸಾಕ್ಷಾತ್ ಅನ್ನಪೂರ್ಣೆ'ಯಿಂದ. ಕಾಕಾ ಎದ್ದವನೇ, "ಅಕ್ಕನ ಕೈಯಾಗಿನ ಅಡಗಿ ಉಂಡವ್ರು ಕೈ ಎತ್ರಿ" ಅಂದ. ಎಲ್ಲರೂ ಎತ್ತಿದರು. "ಉಪ್ಪು ಸರೀ ಇತ್ತು ಅನ್ನಾವ್ರು ಕೈ ಇಳಸಬ್ಯಾಡ್ರಿ" ಅಂದ. ಒಂದು ಕೈಯೂ ಉಳಿಯಲಿಲ್ಲ! "ನೋಡ್ರಿ ಮತ್ತ. ಆದ್ರೂ ಕರದ್ರ ಓಡಿ ಹೋಗ್ತಿದ್ವಿ. ಅಕಿ ಹೇಳೂ ಓಣಿ ಸುದ್ದಿಯೊಳಗ ಉಪ್ಪು ಖಾರ ಎಲ್ಲಾ ಬರೋಬ್ಬರಿ ಇರ್ತಿತ್ತು." ಸೊಸೆಯಂದಿರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗಂಡುಮಕ್ಕಳು ನನ್ನ ಪೆಂಡಾಲಿನ ಕಂಬ ತಾವೇ ಕಿತ್ತು ಕೊಟ್ಟರು.

ನಾನು ಕಾಕಾನನ್ನು ಕೂಡ್ರಿಸಿಕೊಂಡು ಕೇಳಿದೆ, "ಕಾಕಾ, ಸತ್ತವ್ರ ಬಗ್ಗೆ ಕೆಟ್ಟ ಯಾಕ ಮಾತಾಡ್ತಿ?"

"ಕೆಟ್ಟ ಎಲ್ಲಿ ಮಾತಾಡಿದೆನ್ಲೇ? ಎಲ್ಲಾರನ್ನೂ ಒಂದ ಸಾಬೂನು ಹಚ್ಚಿ ತೊಳದ್ರ, ಆಮ್ಯಾಲೆ ಯಾರು ಯಾರಂತ ಗುರ್ತು ಹಿಡಿಯೂದು ಹೆಂಗ?"

"ಗುರ್ತು ಹಿಡದು ಏನ್ ಮಾಡ್ತಿ? ಅವ್ರೇನ್ ಹೊಳ್ಳಿ ಬರ್ತಾರ?"

"ಬರೂದಿಲ್ಲ. ಅದಕ್ಕ ಗುರ್ತರ ಇರಲಿ ಅಂತೀನಿ."

ಇಂಥವನ ಜೊತೆ ವ್ಯವಹಾರ ಕುದುರುತ್ತದೆಯೇ? ಊರಿನವರೂ ಅವನಿಗೆ ಹೆದರಿದ್ದರು. ಚಹಾದಂಗಡಿಯವನು ಹಣ ತೆಗೆದುಕೊಳ್ಳುತ್ತಿರಲಿಲ್ಲ. "ಇರ್ಲಿ ಬಿಡ್ರಿ ಕಾಕಾ, ನಾಳಿ ನಮ್ಮ ಬಗ್ಗೆ ಒಂದು ಚೊಲೋ ಮಾತು ಹೇಳ್ರಿ" ಎನ್ನುತ್ತಿದ್ದ. ಕಾಕಾ ಚಹಾ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಹಾಲು ಕಮ್ಮಿ. ಅದನ್ನೂ ಹೇಳ್ತೀನಿ" ಎನ್ನುತ್ತಿದ್ದ.

ಇಡೀ ಊರಿನಲ್ಲಿ ಕಾಕಾನಿಗೆ ಹೆದರದವಳು ಒಬ್ಬಳೇ, ಅವನ ಹೆಂಡತಿ, ನಮ್ಮ ಕಾಕು. ಅವಳ ಬಾಯಿಯ ಮುಂದೆ ನನ್ನ ದೊಡ್ಡ ಸ್ಪೀಕರುಗಳು ಏನೇನೂ ಅಲ್ಲ. ಕಾಕಾ ನುಡಿನಮನ ಮುಗಿಸಿ ಬಂದು ಅಂಗಳದಲ್ಲಿ ಕಾಲಿಟ್ಟರೆ ಸಾಕು, ಒಳಗಿಂದ ಶುರು. "ಬಂದ್ರೇನು? ಯಾರ ಮನ್ಯಾಗ ಬೆಂಕಿ ಹಚ್ಚಿ ಬಂದ್ರಿ ಇವತ್ತ? ಸತ್ತವ್ರನ್ನೂ ಬಿಡೂದಿಲ್ಲಂದ್ರ ನೀವೆಂಥಾ ಮನಷ್ಯಾರ!" ಕಾಕಾ "ಬಂದೆ, ಬಂದೆ" ಎನ್ನುತ್ತ ಕಾಲು ತೊಳೆಯುತ್ತಿದ್ದ.

ಈ ವರ್ಷ ಕಡಲೆ ಸುಗ್ಗಿ ಮುಗಿಯುವ ಹೊತ್ತಿಗೆ ಕಾಕು ಹೋದಳು. ಬೆಳಿಗ್ಗೆ ರೊಟ್ಟಿ ಬಡಿದಿದ್ದಾಳೆ, ಎಮ್ಮೆಗೆ ಬೈದಿದ್ದಾಳೆ, ಎದೆ ಹಿಡಿದುಕೊಂಡು ಕೂತಿದ್ದಾಳೆ, ಅಷ್ಟೇ.

ಆರಾಧನೆಯ ದಿನ ಪೆಂಡಾಲು ನನ್ನದೇ. ಮನೆಯ ಕೆಲಸ, ಬಾಡಿಗೆಯ ಮಾತಿಲ್ಲ. ಬೆಳಿಗ್ಗೆ ವೈರು ಎಳೆಯುತ್ತಿದ್ದಾಗ ಕಾಕಾನ ಒಬ್ಬಳೇ ಮಗಳು, ನನ್ನ ತಂಗಿ, ಬಂದು ಬದಿಗೆ ನಿಂತಳು. ಅವಳನ್ನು ಕೊಟ್ಟದ್ದು ನವಲಗುಂದದ ಕಡೆಗೆ. ಬಹಳ ನಯವಾದ ಮನೆತನ. ನಗು ಬಂದರೂ ಕೈ ಅಡ್ಡ ಹಿಡಿದು ನಗುವ ಜನ. ಕಾಕುವಿನ ಬಾಯಿಯ ಖ್ಯಾತಿ ಅಲ್ಲಿಗೂ ಮುಟ್ಟಿ, ಈ ಹುಡುಗಿ ಮದುವೆಯಾದಂದಿನಿಂದ 'ಜೋರು ಬಾಯಿಯವಳ ಮಗಳು' ಎನಿಸಿಕೊಂಡೇ ಬದುಕಿದವಳು.

"ಅಣ್ಣಾ, ನಮ್ಮ ಅತ್ತಿಮನಿಯವ್ರೆಲ್ಲಾ ಬರ್ತಾರ. ಇವತ್ತೊಂದು ದಿನ ನಮ್ಮವ್ವನ್ನ ಯಾರೂ ಆಡ್ಕೊಂಡು ನಗಬಾರ್ದು. ಅಪ್ಪ ಎದ್ದನಂದ್ರ ನೀ ಮೈಕ್ ಬಂದ್ ಮಾಡು. ನಿನ್ನ ಕಾಲು ಹಿಡೀತೀನಿ."

ಕಾಲು ಹಿಡಿಯುವುದು ಬೇಡವೆಂದು ಹೇಳಿ ನೇರವಾಗಿ ಕಾಕಾನ ಹತ್ತಿರ ಹೋದೆ. ವ್ಯವಹಾರ ನನಗೆ ಹೊಸದೇ? "ಕಾಕಾ, ಎರಡ ಮಾತು. ಎರಡೂ ಚೊಲೋ ಇರಬೇಕು. ಇಲ್ಲಂದ್ರ ಸ್ವಿಚ್ ನನ್ನ ಕೈಯಾಗ ಇರತೈತಿ." ನಾನು ನಾಲ್ಕು ಮಾತಿನ ತನಕ ಏರಲು ತಯಾರಾಗಿಯೇ ಹೋಗಿದ್ದೆ. ಕಾಕಾ ಮುಖ ಎತ್ತದೆ, "ಆತು" ಅಂದ. ಚೌಕಾಶಿಯೇ ಇಲ್ಲ! ನನ್ನ ಇಷ್ಟು ವರ್ಷದ ವ್ಯವಹಾರದಲ್ಲಿ ಹಾಗೆ ಒಪ್ಪಿಕೊಂಡವನೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದಾನೆ.

ಪೆಂಡಾಲು ತುಂಬಿತು. ಮುಂದಿನ ಸಾಲಿನಲ್ಲಿ ಬೀಗತಿ, ತಂಗಿಯ ಅತ್ತೆ, ಸೆರಗು ಹೊದ್ದು ಕೂತಿದ್ದಳು. ಕಾಕಾ ಎದ್ದಾಗ ಇಡೀ ಊರು ಕುರ್ಚಿಯ ತುದಿಗೆ ಬಂತು. ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟೆ.

ಕಾಕಾ ಮೈಕು ಹಿಡಿದು, ಹಿಂದೆ ತಿರುಗಿ, ಬ್ಯಾನರು ನೋಡಿ ಓದತೊಡಗಿದ. "ಸಾಕ್ಷಾತ್ ಅನ್ನಪೂರ್ಣೆ. ಸದಾ ಹಸನ್ಮುಖಿ. ಮಿತಭಾಷಿ." ನಿಲ್ಲಿಸಿ, "ಇಂಥಾ ಹೆಣ್ಣಮಗಳು ಇದ್ಲು. ಹೋದ್ಲು. ಶರಣ್ರೀ" ಎಂದು ಕೈ ಮುಗಿದ.

ಯಾರೂ ನಗಲಿಲ್ಲ. ಯಾರೂ ಅಳಲೂ ಇಲ್ಲ. ಪಂಖದ ಗಾಳಿಗೆ ಬ್ಯಾನರು ಪಟಪಟ ಅನ್ನುವುದೊಂದೇ ಸಪ್ಪಳ. ವ್ಯವಹಾರ ಕರಾರಿನಂತೆ ನಡೆದಿತ್ತು. ಆದರೂ ಯಾರದೋ ಅಪರಿಚಿತರ ಆರಾಧನೆಗೆ ಬಂದು ಕೂತಂತೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಪ್ಪಾ, ನಿಲ್ಲು."

ಹೆಂಗಸರ ಕಡೆಯಿಂದ ಎದ್ದವಳು ತಂಗಿ. "ಇದು ಯಾರ ಅವ್ವ?"

ಕಾಕಾ ಮತ್ತೆ ಬ್ಯಾನರಿನ ಕಡೆ ತಿರುಗಿ ನೋಡಿದ.

"ನೀ ಓದಿದ್ದು ಬ್ಯಾನರಿನವ್ರ ಅವ್ವನ್ನ. ನಮ್ಮವ್ವನ್ನ ಹೇಳು."

"ಎರಡ ಮಾತಿನ ಕರಾರು ಆಗೇತಿ. ಸ್ವಿಚ್ ಅಲ್ಲೈತಿ" ಎಂದು ಕಾಕಾ ನನ್ನ ಕಡೆ ಬೆರಳು ಮಾಡಿದ.

"ಅಣ್ಣಾ, ಕೈ ತಗಿ."

ತೆಗೆದೆ. ಮತ್ತೇನು ಮಾಡಲಿ?

ಆಗ ಕಾಕಾ ಹೇಳಿದ. ಬಸ್ಸು ನಮ್ಮ ಕ್ರಾಸಿನಲ್ಲಿ ನಿಲ್ಲುವುದಿಲ್ಲವೆಂದು ಕಾಕು ಬುಟ್ಟಿ ಸಮೇತ ರಸ್ತೆಯ ನಡುವೆ ಕೂತು ಕಂಡಕ್ಟರನಿಗೆ ಅವನ ಮೂರು ತಲೆಮಾರು ಎತ್ತಿ ಬೈದದ್ದು, ಆವತ್ತಿನಿಂದ ಅಲ್ಲಿ ಬಸ್ಸು ನಿಲ್ಲುವುದು. "ನೀವೆಲ್ಲಾ ಇವತ್ತ ಅಲ್ಲೇ ಇಳದ ಬಂದೀರಿ" ಅಂದ. ಮದುವೆಯಾದ ಹೊಸತರಲ್ಲಿ ಅವಳ ಬೈಗುಳಕ್ಕೆ ಹೆದರಿ ಮಠದಲ್ಲಿ ಹೋಗಿ ಮಲಗಿದ್ದನ್ನೂ, ಅವಳು ಅಲ್ಲಿಗೇ ಬುತ್ತಿ ಕಟ್ಟಿಕೊಂಡು ಬಂದು, ಉಣ್ಣಿಸುತ್ತ, ಉಣ್ಣಿಸುತ್ತಲೇ ಬೈದದ್ದನ್ನೂ ಹೇಳಿದ. ಪೆಂಡಾಲು ಬಿದ್ದು ಬಿದ್ದು ನಗುತ್ತಿತ್ತು. ನಾನು ಬೀಗತಿಯ ಮುಖ ನೋಡಿದೆ. ಅವಳು ಕೈ ಅಡ್ಡ ಹಿಡಿದಿರಲಿಲ್ಲ.

"ನನಗೂ ಬೈದಿದ್ಲ್ರಿ," ಎಂದಳು ಬೀಗತಿ, ಕೂತಲ್ಲಿಂದಲೇ. "ಜಡ್ಡಾದಾಗ ದವಾಖಾನಿಗೆ ಒಲ್ಲೆ ಅಂದಿದ್ದೆ. ನಮ್ಮ ಮನೀ ಪಡಸಾಲ್ಯಾಗ ನಿಂತು ಬೈದ್ಲು. ಅಷ್ಟ ಬೈಸ್ಕೊಂಡದ್ದು ನನ್ನ ಜನ್ಮದಾಗ ಇಲ್ಲ. ಮರುದಿನಾ ಹೋದೆ. ಅದಕ್ಕ ಇವತ್ತ ಇಲ್ಲೆ ಕುಂತೀನಿ." ಎಂದವಳೇ ಬಾಜೂ ನಿಂತಿದ್ದ ಸೊಸೆಯ ಕೈ ಹಿಡಿದುಕೊಂಡಳು.

ಕಾಕಾ ಮೈಕನ್ನು ಬಾಯಿಯ ಹತ್ತಿರ ತಂದ.

"ಈಗ ಮನ್ಯಾಗ ಯಾರೂ ಬೈಯೂದಿಲ್ರಿ. ನಿನ್ನಿ ಬೇಕಂತ ಚಪ್ಪಲಿ ಹಾಕ್ಕೊಂಡು ಸೀದಾ ಅಡಗೀಮನಿ ತನಕಾ ಹೋದೆ. ಯಾರೂ ಏನೂ ಅನ್ಲಿಲ್ಲ. ಅಲ್ಲೇ ಒಂದಿಷ್ಟು ಹೊತ್ತು ನಿಂತೆ. ಹೊಳ್ಳಿ ಬಂದು ನಾನ ಚಪ್ಪಲಿ ಬಿಟ್ಟೆ."

ನಗು ನಿಂತಿತು. ಮೈಕಿನೊಳಗೆ ಅವನ ಉಸಿರು ಮಾತ್ರ ಕೇಳುತ್ತಿತ್ತು. ಆ ಹೊತ್ತಿಗೆ ಹೆಂಗಸರ ಕಡೆಯಿಂದ ಒಂದು ದನಿ ಬಂತು ನೋಡಿ. ಅಗದಿ ಕಾಕುವಿನದೇ ದನಿ!

"ಸಾಕು ಇಳೀರಿ ಕೆಳಗ! ಉಣ್ಣಾಕ ಮಂದಿ ಕಾಯಾಕ್ಹತ್ತಾರ, ನಿಮ್ಮ ಮಾತಿಗೇನ್ ಹೊಟ್ಟಿ ತುಂಬತೈತೇನು?"

ಕೂಗಿದವಳು ನನ್ನ ತಂಗಿ, ಹುಟ್ಟಿದಾಗಿನಿಂದ ಅಪ್ಪನಿಗೆ ಜೋರು ಮಾಡಿ ಒಂದು ಮಾತು ಆಡದವಳು. ಅತ್ತೆಯ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಅತ್ತೆ ಬಿಡಲೂ ಇಲ್ಲ, ಸುಮ್ಮನಿರು ಎನ್ನಲೂ ಇಲ್ಲ.

ಕಾಕಾ ಮೈಕನ್ನು ಮೆಲ್ಲಗೆ ಸ್ಟ್ಯಾಂಡಿನ ಮೇಲಿಟ್ಟ. "ಬಂದೆ, ಬಂದೆ" ಅಂದ.

ಇನ್ನು ನೀವು ಕೇಳದಿದ್ದರೂ ಎರಡು ಮಾತು ಹೇಳದೆ ನಾನು ಕುರ್ಚಿ ಎತ್ತುವವನಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹೋದರೆ ಬ್ಯಾನರು ಛಾಪಿಸುವ ಮೊದಲು ಮಜಕೂರು ಓದಿ ನೋಡಿ. ಅದು ಎದುರು ಮನೆಯವರಿಗೂ ಹೊಂದುತ್ತದೆ ಅನ್ನಿಸಿದರೆ ತೆಗೆಸಿ ಹಾಕಿ, ಬರೀ ಹೆಸರಿರಲಿ. ಸಣ್ಣ ಬ್ಯಾನರಿಗೆ ದುಡ್ಡೂ ಕಡಿಮೆ. ಎರಡನೆಯದು, ಬೈಯುವವರು ಮನೆಯಲ್ಲಿ ಇನ್ನೂ ಇದ್ದರೆ ಅವರ ದನಿ ಇವತ್ತೇ ಹಿಡಿದಿಟ್ಟುಕೊಳ್ಳಿ. ಎದುರಿಗೆ ಮೊಬೈಲು ಹಿಡಿದು ಮಾತಾಡು ಅನ್ನಬೇಡಿ, ಎಂಥವರೂ ಸಭ್ಯರಾಗಿಬಿಡುತ್ತಾರೆ. ಮೊಬೈಲು ಚಾಲೂ ಮಾಡಿ ಜೇಬಿನಲ್ಲಿಟ್ಟುಕೊಂಡು, ಹಸಿ ಟಾವೆಲನ್ನು ಹಾಸಿಗೆಯ ಮೇಲೆ ಒಗೆಯಿರಿ. ಪೂರ್ತಿ ಬೈಸಿಕೊಳ್ಳಿ. ನಡುವೆ ಬಾಯಿ ಹಾಕಬೇಡಿ, ರೆಕಾರ್ಡಿಂಗ್ ಕೆಡುತ್ತದೆ.