ತಾರಸಿಯ ಮೇಲಿಂದ ನೋಡಿದ ಸಿನಿಮಾಗಳು

ಆಂಟೆನಾ ನಿಲ್ಲಿಸುವುದಕ್ಕೆ ಮೆಕ್ಯಾನಿಕ್ಕನ್ನು ಕರೆಸುವುದೆಂದರೆ ಶರ್ಟಿನ ಗುಂಡಿ ಹಾಕಿಕೊಳ್ಳುವುದಕ್ಕೆ ದರ್ಜಿಯನ್ನು ಕರೆಸಿದ ಹಾಗೆ ಎಂದು ಲಕ್ಷ್ಮೀಪತಿ ಘೋಷಿಸಿದ. ಘೋಷಿಸಿದ್ದು ರಾಜಾಜಿನಗರದ ತನ್ನ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ನಿಂತು; ಕೆಳಗಿನ ಮನೆಯ ಮಾಲೀಕರು, ಎದುರು ಮನೆಯವರು, ಸೊಪ್ಪಿನ ಗಾಡಿಯವಳು, ಎಲ್ಲರಿಗೂ ಕೇಳುವ ಹಾಗೆ. ಎಂಬತ್ತೈದನೇ ಇಸವಿಯ ಮಾತು. ಮನೆಗೆ ಬ್ಲಾಕ್ ಅಂಡ್ ವೈಟ್ ಟೀವಿ ಬಂದು ಗಂಟೆ ಕಳೆದಿರಲಿಲ್ಲ. ಅದರ ಹಣೆಗೆ ಹೆಂಡತಿ ಅಂಬುಜಾ ಹಚ್ಚಿದ ಅರಿಶಿನ ಇನ್ನೂ ಹಸಿಯಾಗಿತ್ತು.

ಮಧ್ಯಾಹ್ನವೆಲ್ಲ ಬೆವರು ಸುರಿಸಿ ಲಕ್ಷ್ಮೀಪತಿ ತಾರಸಿಯ ಹಿತ್ತಲ ಮೂಲೆಯಲ್ಲಿ ಕಬ್ಬಿಣದ ಪೈಪೊಂದನ್ನು ನೆಟ್ಟಗೆ ನಿಲ್ಲಿಸಿ, ನೀರಿನ ತೊಟ್ಟಿಗೆ ಹಗ್ಗದಿಂದ ಬಿಗಿದು, ಅದರ ನೆತ್ತಿಗೆ ಆಂಟೆನಾ ಕಟ್ಟಿದ. ಸ್ವಲ್ಪ ವಾಲಿತ್ತು ಎನ್ನುವುದನ್ನು ಬಿಟ್ಟರೆ ವಿಜಯಸ್ತಂಭದಂತಿತ್ತು. ಆದರೆ ಟೀವಿ ಹಾಕಿದಾಗ ವಾರ್ತೆ ಓದುವವರು ಪರದೆಯ ತಳಕ್ಕೆ ಜಾರಿ ಹೋಗಿ ಮತ್ತೆ ತಲೆಯ ಕಡೆಯಿಂದ ಇಳಿದು ಬರತೊಡಗಿದರು. ಲಕ್ಷ್ಮೀಪತಿ ಮೇಲೆ ಹತ್ತಿ ಕಂಬ ಹಿಡಿದ, ಚಿತ್ರ ನಿಂತಿತು. ಕೈ ಬಿಟ್ಟ, ಜಾರಿತು. ಮತ್ತೆ ಹಿಡಿದ, ನಿಂತಿತು.

"ಬಿಡಬೇಡಿ ರೀ, ಹಾಗೇ ಇರಿ" ಎಂದು ಅಂಬುಜಾ ಅಡುಗೆಮನೆಯ ಕಿಟಕಿಯಿಂದ ಕೂಗಿದಳು.

ಅವನು ಹಾಗೇ ಇದ್ದ. ಮುಂದಿನ ಆರು ತಿಂಗಳ ಭಾನುವಾರ ಸಂಜೆಗಳಲ್ಲೆಲ್ಲ ಹಾಗೇ ಇದ್ದ.

ಈಗಲಾದರೂ ಮೆಕ್ಯಾನಿಕ್ಕಿಗೆ ಹೇಳಿ ಕಳಿಸೋಣ ಎಂದು ಅಂಬುಜಾ ಎರಡು ಸಲ ಹೇಳಿ ನೋಡಿದಳು. ಬೀದಿಯೆದುರು ಆಡಿದ ಮಾತನ್ನು ನುಂಗಿಕೊಳ್ಳುವುದುಂಟೇ? ಭಾನುವಾರ ಸಂಜೆಯ ಹಿಂದಿ ಸಿನಿಮಾ ಶುರುವಾಗುವ ಹೊತ್ತಿಗೆ ಲಕ್ಷ್ಮೀಪತಿ ಮಫ್ಲರ್ ಸುತ್ತಿಕೊಂಡು ತಾರಸಿಗೆ ಹತ್ತುವನು. ಟೀವಿ ಇದ್ದದ್ದು ರಸ್ತೆ ಕಡೆಯ ಹಾಲಿನಲ್ಲಿ, ಕಂಬ ಇದ್ದದ್ದು ಹಿತ್ತಲ ಕಡೆ, ಹೀಗಾಗಿ ಮೇಲಿದ್ದವನಿಗೆ ಹಾಡಿನ ಒಂದು ಚೂರೂ ಕೇಳಿಸದು. ಪಾಪ ಎನಿಸಿ ಅಂಬುಜಾ ಹಾಲಿಗೂ ಅಡುಗೆಮನೆ ಕಿಟಕಿಗೂ ಓಡಾಡುತ್ತ, ನಡೆದದ್ದನ್ನೆಲ್ಲ ಮೇಲಕ್ಕೆ ಕೂಗಿ ಹೇಳತೊಡಗಿದಳು. ಮದುವೆಗೆ ಮುಂಚೆ ಹಿಂದಿ ಪರೀಕ್ಷೆ ಕಟ್ಟಿ ಪಾಸಾದವಳು, ಅವಳಿಗೆ ಮಾತು ತಿಳಿಯುತ್ತಿತ್ತು. ಊರಿಗೆಲ್ಲ ಅದು ದೂರದರ್ಶನವಾದರೆ ಲಕ್ಷ್ಮೀಪತಿಯ ಪಾಲಿಗೆ ದೂರಶ್ರವಣ.

ಇಷ್ಟರಲ್ಲೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಸೋಮವಾರ ಕಚೇರಿಯ ಕ್ಯಾಂಟೀನಿನಲ್ಲಿ ಹಿಂದಿನ ಸಂಜೆಯ ಸಿನಿಮಾದ ಮಾತು ಬರುತ್ತಿತ್ತು. ಟೀವಿ ಕೊಂಡವನು ಎಂದು ಎಲ್ಲರೂ ಲಕ್ಷ್ಮೀಪತಿಯ ಮುಖ ನೋಡುವರು. ಕಂಬ ಹಿಡಿದುಕೊಂಡಿದ್ದೆ, ನೋಡಲಿಲ್ಲ ಎನ್ನಲು ಅವನಿಗೆ ನಾಲಗೆ ಏಳಲಿಲ್ಲ. ಬದಲಿಗೆ ಅಭಿಪ್ರಾಯ ಎದ್ದಿತು. ಕಥೆಯಲ್ಲಿ ಹದ ಇತ್ತು ಎಂದ. ನಾಯಕಿ ಅಳುವುದನ್ನು ಇನ್ನೂ ಕಲಿಯಬೇಕು ಎಂದ. ಛಾಯಾಗ್ರಹಣ ಸ್ವಲ್ಪ ಮಂಕು ಎಂದ. ಎಲ್ಲರ ಮನೆಯ ಟೀವಿಯಲ್ಲೂ ಎಲ್ಲವೂ ಮಂಕಾಗಿಯೇ ಕಾಣುತ್ತಿದ್ದುದರಿಂದ ಯಾರೂ ಎದುರಾಡಲಿಲ್ಲ. ಎರಡು ತಿಂಗಳಲ್ಲಿ ಅವನ ಮಾತಿಗೆ ಎಷ್ಟು ತೂಕ ಬಂತೆಂದರೆ ಅವನು ಕಾಫಿ ಹೀರಿ ಲೋಟ ಕೆಳಗಿಡುವವರೆಗೆ ಯಾರೂ ತಮ್ಮ ಅನಿಸಿಕೆ ಹೇಳುತ್ತಿರಲಿಲ್ಲ.

ಆಮೇಲೆ ಅಮ್ಮನ ಪ್ರಸಂಗ ನಡೆಯಿತು.

ಆ ಭಾನುವಾರದ ಸಿನಿಮಾದಲ್ಲಿ ನಾಯಕನ ತಾಯಿ ಸತ್ತಳು. ಅಂಬುಜಾ ಕಣ್ಣೊರೆಸಿಕೊಳ್ಳುತ್ತ ಕಿಟಕಿಗೆ ಬಂದು, "ಅಮ್ಮ ಹೋಗ್ಬಿಟ್ರು ರೀ, ಬಾಯಿಗೆ ನೀರು ಬಿಡೋಕೂ ಮಗ ಹತ್ರ ಇರ್ಲಿಲ್ಲ" ಎಂದು ಮೇಲಕ್ಕೆ ಕೂಗಿದಳು. ಕೆಳಗಿನ ಮನೆಯಲ್ಲಿ ಮಾಲೀಕರ ಹೆಂಡತಿ ಗಂಗಲಕ್ಷ್ಮಮ್ಮ ಅಕ್ಕಿ ಆರಿಸುತ್ತಿದ್ದರು. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದ ಅವರಿಗೆ ಮೇಲೆ ನಡೆಯುವುದು ಸಿನಿಮಾ ಎಂದು ಹೇಗೆ ಗೊತ್ತಾಗಬೇಕು? ಲಕ್ಷ್ಮೀಪತಿಯ ತಾಯಿ ಕೆಂಗೇರಿಯಲ್ಲಿ ಹಿರಿಯ ಮಗನ ಮನೆಯಲ್ಲಿದ್ದಾರೆ ಎನ್ನುವುದು ಗೊತ್ತಿತ್ತು. ಒಲೆ ಆರಿಸಿದರು, ಗಂಡ ವೆಂಕಟಸ್ವಾಮಿಯವರನ್ನು ಎಬ್ಬಿಸಿದರು. ಅವರು ಮೇಲಿನ ಮನೆಯವರನ್ನು ಆ ದುಃಖದಲ್ಲಿ ಮಾತಾಡಿಸುವುದು ಸರಿಯಲ್ಲ ಎಂದುಕೊಂಡು, ದಾರಿಯಲ್ಲಿ ಒಂದು ದಪ್ಪ ಗುಲಾಬಿ ಹಾರ ಕಟ್ಟಿಸಿಕೊಂಡು, ಸ್ಕೂಟರಿನಲ್ಲಿ ನೇರ ಕೆಂಗೇರಿಗೆ ಹೋದರು. ಬಾಗಿಲು ತೆಗೆದವರು ಸ್ವತಃ ಆ ತಾಯಿ. ಹಾರ ನೋಡಿ, ಯಾರಿಗಪ್ಪಾ ಇದು ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ವೆಂಕಟಸ್ವಾಮಿ, "ನಿಮಗೇ ತಾಯಿ" ಎಂದುಬಿಟ್ಟರು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅತ್ತೆ ರಾಜಾಜಿನಗರಕ್ಕೆ ಬಂದಿಳಿದರು. ಬದುಕಿರುವಾಗಲೇ ಹಾರ ಹಾಕಿಸಿದ ಸೊಸೆ ಈ ಭೂಮಿಯ ಮೇಲೆ ನೀನೊಬ್ಬಳೇ ಎಂದು ಶುರುಮಾಡಿದವರು ಸಂಜೆಯ ಕಾಫಿಗೆ ಮಾತ್ರ ನಿಲ್ಲಿಸಿದರು. ಅತ್ತೆ ಹೊರಟು ಹೋದ ಮೇಲೆ ಅಂಬುಜಾ ಪಾತ್ರೆ ತೊಳೆಯುತ್ತ ಒಂದು ನಿರ್ಧಾರಕ್ಕೆ ಬಂದಳು. ಇನ್ನು ಮುಂದೆ ತನ್ನ ಕಿಟಕಿಯಿಂದ ಯಾರೂ ಸಾಯುವುದಿಲ್ಲ. ಸಿನಿಮಾದವರು ಎಷ್ಟು ಜನರನ್ನು ಬೇಕಾದರೂ ಕೊಲ್ಲಲಿ, ಅದು ಅವರ ಪಾಪ. ಈ ನಿರ್ಧಾರವನ್ನು ಗಂಡನಿಗೆ ಹೇಳಬೇಕು ಎಂದು ಅವಳಿಗೆ ಹೊಳೆಯಲಿಲ್ಲ.

ಅಲ್ಲಿಂದಾಚೆಗೆ ತಾರಸಿಯ ಮೇಲೆ ಲಕ್ಷ್ಮೀಪತಿ ಕೇಳಿದ ಕಥೆಗಳ ಧಾಟಿಯೇ ಬೇರೆಯಾಯಿತು. ಗುಂಡೇಟು ತಿಂದವರು ಚೇತರಿಸಿಕೊಂಡರು. ಮುಳುಗಿದವರು ಈಜಿ ದಡ ಸೇರಿದರು. ಖಳನಾಯಕರು ಕೊನೆಯಲ್ಲಿ ಕಾಲಿಗೆ ಬಿದ್ದು ತಪ್ಪಾಯಿತು ಎಂದರು. ಸಾವು ತಪ್ಪಿಸಿದ ಮೇಲೆ ಮುಂದಿನ ಕಥೆಗೆ ದಾರಿ ಮಾಡಲೇಬೇಕಲ್ಲ. ಅಂಬುಜಾ ಮಾಡುತ್ತಿದ್ದಳು, ಮಾಡುತ್ತ ಮಾಡುತ್ತ ಅವಳ ಕೈ ಕುದುರಿತು. ಹಿಂದಿ ಸಿನಿಮಾ ಈಗೀಗ ಎಷ್ಟು ಮಾಗಿದೆ ಎಂದು ಲಕ್ಷ್ಮೀಪತಿ ಕಂಬ ಅಪ್ಪಿಕೊಂಡು ಬೆರಗಾಗುತ್ತಿದ್ದ.

ಒಂದು ಸೋಮವಾರ ಕ್ಯಾಂಟೀನಿನಲ್ಲಿ, ತಮ್ಮನನ್ನು ಅಣ್ಣ ಕ್ಷಮಿಸಿ ಅಪ್ಪಿಕೊಳ್ಳುವ ಕೊನೆಯ ದೃಶ್ಯವನ್ನು ಅವನು ಕೊಂಡಾಡುತ್ತಿದ್ದಾಗ ಪಕ್ಕದ ಮೇಜಿನ ಗುಮಾಸ್ತ ಪಂಚಾಕ್ಷರಿ ತಡೆದ. ಅಣ್ಣ ತಮ್ಮನನ್ನು ಬೆಟ್ಟದ ಮೇಲಿಂದ ತಳ್ಳಿದ್ದನ್ನು ತಾನು ಕಣ್ಣಾರೆ ನೋಡಿದ್ದಾಗಿ ಹೇಳಿದ. ಲಕ್ಷ್ಮೀಪತಿ ಒಂದು ಕ್ಷಣವೂ ಅಳುಕಲಿಲ್ಲ. ಅವನಿಗೆ ಹೆಂಡತಿಯ ಮೇಲಿದ್ದ ನಂಬಿಕೆ ಅಂಥದ್ದು.

"ಅದೇ ತಪ್ಪು ಪಂಚಾಕ್ಷರಿ. ನೀವು ಬರೀ ಕಣ್ಣಲ್ಲಿ ನೋಡಿದೀರಿ."

ತಳ್ಳಿದ್ದು ಹೊರಗಿನ ಅರ್ಥ, ಅಪ್ಪಿಕೊಂಡದ್ದು ಒಳಗಿನ ಅರ್ಥ ಇರಬಹುದು ಎಂದು ಯಾರೋ ಮೆಲ್ಲಗೆ ಹೇಳಿದರು. ಇದನ್ನೆಲ್ಲ ಮೂಲೆಯ ಮೇಜಿನಿಂದ ಕೇಳುತ್ತ ಕೂತಿದ್ದವರು ಸೂಪರಿಂಟೆಂಡೆಂಟ್ ಹನುಮಂತಯ್ಯ. ನಕ್ಕದ್ದನ್ನು ಕಚೇರಿ ಎಂದೂ ಕಂಡಿರದ ಮನುಷ್ಯ. ಪ್ರತಿ ಮಾರ್ಚಿನಲ್ಲಿ ಎಲ್ಲರ ನಡತೆಯ ಬಗ್ಗೆ ಮೇಲಕ್ಕೆ ಬರೆಯುವ ಕೈ ಅವರದು. ಎದ್ದು ಬಂದವರು, ಮುಂದಿನ ಭಾನುವಾರ ಹೆಂಡತಿಯ ಜೊತೆ ಲಕ್ಷ್ಮೀಪತಿಯ ಮನೆಗೆ ಬರುವುದಾಗಿಯೂ, ಅವನ ಪಕ್ಕದಲ್ಲೇ ಕೂತು ಅವನ ಬಾಯಿಂದ ವಿವರಣೆ ಕೇಳುತ್ತ ಸಿನಿಮಾ ನೋಡುವುದಾಗಿಯೂ ತಿಳಿಸಿದರು.

ಲಕ್ಷ್ಮೀಪತಿ ಪಕ್ಕದಲ್ಲಿ ಕೂತರೆ ಸಿನಿಮಾ ಇರುವುದಿಲ್ಲ. ಸಿನಿಮಾ ಇರಬೇಕಾದರೆ ಅವನು ಪಕ್ಕದಲ್ಲಿ ಇರುವುದಿಲ್ಲ.

ಬಹಳ ಯೋಚಿಸಿ ವಿಜಯನಗರಕ್ಕೆ ಹೋಗಿ ಅಂಬುಜಾಳ ತಮ್ಮ ಕಿಟ್ಟಿಯನ್ನು ಹಿಡಿದ. ಕಿಟ್ಟಿ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ.

"ಸುಮ್ನೆ ಕಂಬ ಹಿಡ್ಕೊಂಡು ನಿಂತ್ಕೊಳ್ಳೋಕೆ ನಾನೇನು ಲೈಟ್ ಕಂಬಾನಾ ಭಾವ? ಅಕ್ಕ ಕಥೆ ಹೇಳ್ತಾ ಇರ್ಬೇಕು. ನಿಲ್ಸಿದ್ರೆ ನಾನು ಕೈ ಬಿಡ್ತೀನಿ."

ಇದರಲ್ಲಿ ಅಪಾಯವೇನೂ ಲಕ್ಷ್ಮೀಪತಿಗೆ ಕಾಣಲಿಲ್ಲ. ಕಥೆಯಿಲ್ಲದೆ ಆ ಕಂಬ ಎಷ್ಟು ಭಾರ ಎನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಭಾನುವಾರ ಹನುಮಂತಯ್ಯ ದಂಪತಿಗಳು ಬಸವೇಶ್ವರನಗರದಿಂದ ಆಟೋದಲ್ಲಿ ಬಂದರು. ಗಂಗಲಕ್ಷ್ಮಮ್ಮನವರಿಂದ ಎರವಲು ತಂದ ಬೆತ್ತದ ಕುರ್ಚಿಗಳಲ್ಲಿ ಕೂತರು. ಅಂಬೊಡೆ ಕರಿಯುವ ನೆಪದಲ್ಲಿ ಅಂಬುಜಾ ಅಡುಗೆಮನೆಗೆ ಹೋದಳು. ನಡುವೆ ಒಂದು ಪರದೆಬಟ್ಟೆ ಬಿಟ್ಟರೆ ಬೇರೇನೂ ಅಡ್ಡವಿರಲಿಲ್ಲ. ಪರದೆ ಸರಿಸಿ ಇಣುಕಿದರೆ ಟೀವಿ ಕಾಣುತ್ತಿತ್ತು. ಕಿಟ್ಟಿ ಮೇಲೆ ಕಂಬ ಹಿಡಿದ. ಚಿತ್ರ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತು.

ಲಕ್ಷ್ಮೀಪತಿಗೆ ಇದು ತನ್ನದೇ ಟೀವಿಯಲ್ಲಿ ನೋಡುತ್ತಿರುವ ಮೊದಲ ಸಿನಿಮಾ. ವಿವರಣೆ ಕೊಡುವುದನ್ನೇ ಮರೆತು ಬಾಯಿ ತೆರೆದುಕೊಂಡು ಕೂತ. ಏನಂತೀರಿ ಎಂದು ಹನುಮಂತಯ್ಯ ಕೇಳಿದಾಗ ಬೆಚ್ಚಿ, ಛಾಯಾಗ್ರಹಣ ಸ್ವಲ್ಪ ಮಂಕು ಎಂದ.

ಅಷ್ಟರಲ್ಲಿ ಜಮೀನ್ದಾರನ ಕಡೆಯವರು ನಾಯಕನ ತಂದೆಗೆ ಗುಂಡು ಹಾರಿಸಿದರು. ಮುದುಕ ಎದೆ ಹಿಡಿದುಕೊಂಡು ಹೊಲದಲ್ಲಿ ಉರುಳಿದ. ಹನುಮಂತಯ್ಯನವರ ಹೆಂಡತಿ ಜಯದೇವಿ ಸೆರಗನ್ನು ಕಣ್ಣಿಗೊತ್ತಿಕೊಂಡರು. ಆಗ ಅಡುಗೆಮನೆಯ ಕಡೆಯಿಂದ, ಎಣ್ಣೆಯ ಚರಚರ ಸದ್ದನ್ನೂ ಮೀರಿ, ಅಂಬುಜಾಳ ಧ್ವನಿ ಸ್ಪಷ್ಟವಾಗಿ ಕೇಳಿಸಿತು.

"ಅಪ್ಪ ಕಾಶಿಗೆ ಹೊರಟ ಕಣೋ ಕಿಟ್ಟಿ."

ಜಯದೇವಿ ಸೆರಗನ್ನು ಅರ್ಧಕ್ಕೆ ನಿಲ್ಲಿಸಿದರು. ಪರದೆಯ ಮೇಲೆ ಚಿತೆ ಹೊತ್ತಿಕೊಂಡಿತು. ಮಗ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಸುಖವಾಗಿ ತಲುಪಿದ ಕಣೋ. ಮಗನಿಗೆ ಆನಂದಬಾಷ್ಪ."

ಹೋಗಿ ಹೆಂಡತಿಯ ಬಾಯಿ ಮುಚ್ಚಿಸೋಣವೆಂದರೆ, ಕಥೆ ನಿಂತರೆ ಕಿಟ್ಟಿ ಕೈ ಬಿಡುತ್ತಾನೆ. ಲಕ್ಷ್ಮೀಪತಿ ಕೂತಲ್ಲೇ ಕೆಮ್ಮಿದ, ಕುರ್ಚಿ ಎಳೆದ, ಟೀವಿಯ ದನಿ ಜೋರು ಮಾಡಿದ. ಅಂಬುಜಾ ತನ್ನ ದನಿಯನ್ನು ಅದಕ್ಕಿಂತ ಜೋರು ಮಾಡಿದಳು. ನಾಯಕಿ ವಿಷ ಕುಡಿದಾಗ, ಬಿಸಿ ಹಾಲು ಕುಡಿದು ಮಲಗಿದಳು ಎಂದಳು. ಜಯದೇವಿಗೆ ತಡೆಯಲಾಗಲಿಲ್ಲ; ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಅಡುಗೆಮನೆಗೆ ಹೋದವರು ತಿರುಗಿ ಬರಲಿಲ್ಲ. ಒಳಗಿನಿಂದ, ಆಮೇಲೆ ಏನಾಯ್ತಮ್ಮಾ ಎಂದು ಅವರ ದನಿಯೂ ಕೇಳಿಸತೊಡಗಿತು.

ಹನುಮಂತಯ್ಯ ಟೀವಿಯಿಂದ ಕಣ್ಣು ತೆಗೆದು ಲಕ್ಷ್ಮೀಪತಿಯ ಕಡೆ ತಿರುಗಿದರು.

"ಲಕ್ಷ್ಮೀಪತಿ, ನೀವು ವಾರವಾರ ಎಲ್ಲಿ ಕೂತು ಸಿನಿಮಾ ನೋಡ್ತೀರಿ?"

"ಕೂತಲ್ಲ ಸಾರ್. ನಿಂತು."

"ಎಲ್ಲಿ ನಿಂತು?"

ಲಕ್ಷ್ಮೀಪತಿ ಬೆರಳೆತ್ತಿ ಸೂರು ತೋರಿಸಿದ. ಆರು ತಿಂಗಳು ಕಾಪಾಡಿಕೊಂಡು ಬಂದ ಮಾನ ಆ ಒಂದು ಬೆರಳಿನ ತುದಿಯಿಂದ ಹೊರಟುಹೋಯಿತು. ಉಳಿದದ್ದನ್ನೆಲ್ಲ ಅವನು ತಲೆ ತಗ್ಗಿಸಿಕೊಂಡು ತಾನೇ ಹೇಳಿದ. ಹೇಳಿ ಮುಗಿಸುವ ಹೊತ್ತಿಗೆ ಅಂಬುಜಾ ಅಂಬೊಡೆಯ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಿದ್ದಳು. ಹನುಮಂತಯ್ಯ ಅವಳ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ಹೋದ ತಿಂಗಳಿನ ಡಾಕ್ಟರ ಸಿನಿಮಾದ ವಿಷಯ ಎತ್ತಿದರು. ಆ ಭಾನುವಾರ ಅವರು ಊರಲ್ಲಿರಲಿಲ್ಲ. ತನ್ನ ಆಸ್ತಿ ಲಪಟಾಯಿಸಿದ ತಮ್ಮನೇ ರೋಗಿಯಾಗಿ ಬಂದಾಗ ಡಾಕ್ಟರು ಆಪರೇಷನ್ ಮಾಡಿ ಬದುಕಿಸಿ, ಮನೆಗೆ ಕರೆದೊಯ್ದು ಊಟಕ್ಕೆ ಕೂರಿಸಿದ ಕಥೆಯನ್ನು ಲಕ್ಷ್ಮೀಪತಿಯ ಬಾಯಿಂದ ಕೇಳಿದ್ದರು. ಕೇಳಿದ ರಾತ್ರಿ ನಿದ್ದೆ ಬರಲಿಲ್ಲವಂತೆ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ತಮ್ಮನ ಮನೆಗೆ ಮರುದಿನ ತಾವೇ ಹೋಗಿ ಬಾಗಿಲು ತಟ್ಟಿದರಂತೆ.

"ಅದೊಂದಾದರೂ ಸಿನಿಮಾದಲ್ಲಿ ಇತ್ತು ತಾನೇ ತಾಯಿ?"

ಅಂಬುಜಾ ತಟ್ಟೆ ನೋಡಿಕೊಂಡು ಹೇಳಿದಳು, "ಅದು ನಾನೇ ಕ್ಷಮಿಸಿದ್ದು ಸಾರ್."

"ಸಿನಿಮಾದಲ್ಲಿ ಏನಾಯ್ತು?"

"ಗೊತ್ತಿಲ್ಲ ಸಾರ್. ಆಪರೇಷನ್ ಶುರುವಾಗೋ ಹೊತ್ತಿಗೆ ನಮ್ಮನೆ ಫ್ಯೂಸ್ ಹೋಯ್ತು."

ಲಕ್ಷ್ಮೀಪತಿ ಕುರ್ಚಿಯಿಂದ ಎದ್ದೇಬಿಟ್ಟ. ಆಪರೇಷನ್ ಆದ ಮೇಲೆ ತಾನು ಒಂದು ಗಂಟೆ ಕಂಬ ಹಿಡಿದು ನಿಂತಿದ್ದನ್ನೂ, ಸೊಳ್ಳೆ ಕಚ್ಚಿದ್ದನ್ನೂ, ಊಟದ ದೃಶ್ಯದಲ್ಲಿ ಮಫ್ಲರಿನಿಂದ ಕಣ್ಣೊರೆಸಿಕೊಂಡದ್ದನ್ನೂ ಒಂದೇ ಉಸಿರಿಗೆ ಹೇಳಿದ. ಇಳಿದು ಬನ್ನಿ ಎನ್ನಬಾರದಿತ್ತೇ ಎಂದು ಕೇಳಿದ.

"ಹೇಳೋಣ ಅಂತಾನೇ ಕಿಟಕಿಗೆ ಬಂದೆ ಕಣ್ರೀ. ನೀವು ಮೇಲಿಂದ, ತಮ್ಮ ಉಳಿದ್ನೇನೇ ಅಂತ ಕೇಳಿದ್ರಿ, ಗಂಟಲು ಕಟ್ಟಿತ್ತು ನಿಮಗೆ. ಫ್ಯೂಸ್ ಹೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಕಥೆ ನಿಂತು ಬಹಳ ಹೊತ್ತಾಗಿತ್ತು. ಮೇಲೆ ಕಿಟ್ಟಿ ಮಾತು ಉಳಿಸಿಕೊಂಡು ಕೈ ಬಿಟ್ಟ. ಪರದೆಯ ಮೇಲೆ ನಾಯಕ ಜಾರಿ ಜಾರಿ ಇಳಿಯತೊಡಗಿದ. ಜಯದೇವಿ ಒಳಗೆ ಒಬ್ಬರೇ ನಗುತ್ತಿದ್ದರು. ತಾರಸಿಯಿಂದ ಕಿಟ್ಟಿಯ ಕೂಗು ಇಳಿದು ಬಂತು.

"ಅಕ್ಕಾ, ಅಪ್ಪ ಕಾಶಿಯಿಂದ ವಾಪಸ್ ಬಂದ್ನಾ?"

ಅಂಬುಜಾ ಸೂಪರಿಂಟೆಂಡೆಂಟರ ಮುಖ ನೋಡಿದಳು. ಲಕ್ಷ್ಮೀಪತಿ ನೆಲ ನೋಡಿದ. ಹನುಮಂತಯ್ಯ ನಿಧಾನವಾಗಿ ಎದ್ದರು, ತಟ್ಟೆಯಿಂದ ಒಂದು ಅಂಬೊಡೆ ತೆಗೆದುಕೊಂಡರು, ಪರದೆಬಟ್ಟೆ ಸರಿಸಿ ಅಡುಗೆಮನೆಗೆ ಹೋದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಂಟಲು ಸರಿಮಾಡಿಕೊಂಡು, ಕಡತಕ್ಕೆ ಷರಾ ಬರೆಸುವ ಅದೇ ಗಂಭೀರ ದನಿಯಲ್ಲಿ ಮೇಲಕ್ಕೆ ಹೇಳಿದರು.

"ಬಂದ ಕಣಪ್ಪಾ. ಎಲ್ಲರಿಗೂ ಗಂಗಾಜಲ ತಂದಿದಾನೆ. ನೀನು ಕಂಬ ಹಿಡ್ಕೋ, ಮುಂದಿನದು ಹೇಳ್ತೀನಿ."